ಒಂದೇ ಡಿಎನ್‌ಎ ಫೈಲ್, ಎರಡು ವಿರುದ್ಧ ಉತ್ತರ: ಗಾಂಜಾ ಎಣ್ಣೆಯ ವರದಿ ತಪ್ಪೋ, ನನ್ನ ಪ್ರೋಗ್ರಾಂ ತಪ್ಪೋ? [ಬಗೆಹರಿದಿದೆ]

ನೀರ್ಚಾಲು_ಪೈಥಾನ್:
ಎಲ್ಲರಿಗೂ ನಮಸ್ಕಾರ. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುತ್ತೇನೆ. ಅಕ್ಕ ಕೆನಡಾದ ಒಂಟಾರಿಯೊದಲ್ಲಿದ್ದಾಳೆ. ಅಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ಟಿಎಚ್‌ಸಿ (ಗಾಂಜಾದ ಅಮಲೇರಿಸುವ ಅಂಶ) ಎಷ್ಟು, ಸಿಬಿಡಿ (ಅಮಲೇರಿಸದ ಅಂಶ) ಎಷ್ಟು ಎಂದು ಚೀಟಿ ಅಂಟಿಸಿದ ಎಣ್ಣೆ ಬಾಟಲಿಗಳು ಅಂಗಡಿಯಲ್ಲೇ ಸಿಗುತ್ತವೆ. ಆಕೆಗೆ ನಿದ್ದೆಯ ತೊಂದರೆ. ಹಿಂದೆ ವಂಶಾವಳಿಗೆಂದು ಮಾಡಿಸಿದ್ದ ಡಿಎನ್‌ಎ ಪರೀಕ್ಷೆಯ ಫೈಲನ್ನು, 'ನಿಮ್ಮ ಜೀನ್‌ಗೆ ಒಪ್ಪುವ ಉತ್ಪನ್ನ' ಆರಿಸಿಕೊಡುವ ಒಂದು ಕಂಪನಿಗೆ ಕಳುಹಿಸಿದ್ದಾಳೆ.

ವರದಿ ಹೇಳುವುದು: ಸಿವೈಪಿ2ಸಿ9 ಜೀನ್ *3/*3 (ಜೀನಿನ ಎರಡೂ ಪ್ರತಿಗಳು *3 ಎಂಬ ನಿಧಾನದ ರೂಪ), ದೇಹದಲ್ಲಿ ಟಿಎಚ್‌ಸಿ ಕರಗುವುದು ಅತಿ ನಿಧಾನ, ಆದ್ದರಿಂದ ಟಿಎಚ್‌ಸಿ ಬಿಟ್ಟು ಸಿಬಿಡಿ ಹೆಚ್ಚಿರುವ ಎಣ್ಣೆ ಕೊಳ್ಳಿ. ಅದೇ ಫೈಲನ್ನು ನಾನು ಬರೆದ ನಲವತ್ತು ಸಾಲಿನ ಪ್ರೋಗ್ರಾಂಗೆ ಕೊಟ್ಟರೆ *1/*1 ಬರುತ್ತದೆ, ಅಂದರೆ ಸಾಮಾನ್ಯ. ಅಕ್ಕ ಎಣ್ಣೆ ತಂದಿಟ್ಟುಕೊಂಡಿದ್ದಾಳೆ, ಇನ್ನೂ ಮುಚ್ಚಳ ತೆಗೆದಿಲ್ಲ. ಯಾರನ್ನು ನಂಬಲಿ?

ಕುಂಬಳೆ_ಸೇತುವೆ:
ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದೀರಾ? ನನ್ನ ಒಂದು ಪಟ್ಟಿ ಹಾಗೆಯೇ ಹಾಳಾಗಿತ್ತು.

ನೀರ್ಚಾಲು_ಪೈಥಾನ್:
ಇಲ್ಲ, ನೋಟ್‌ಪ್ಯಾಡ್‌ನಲ್ಲಿ ನೋಡಿದ್ದಷ್ಟೇ. ಆರು ಲಕ್ಷಕ್ಕೂ ಹೆಚ್ಚು ಸಾಲುಗಳಿವೆ. ಪ್ರತಿ ಸಾಲಿನಲ್ಲಿ ಗುರುತಿನ ಸಂಖ್ಯೆ, ವರ್ಣತಂತು, ಸ್ಥಾನ, ಎರಡು ಅಕ್ಷರ. ಎಲ್ಲವೂ ಸರಿಯಾಗಿಯೇ ಕಾಣುತ್ತಿದೆ.

ಬದಿಯಡ್ಕ_ಮಾಷ್ಟ್ರು:
ಇಡೀ ಫೈಲನ್ನು ಇಲ್ಲಿ ಹಾಕಬೇಡಿ. ಅದು ಅಕ್ಕನದ್ದು, ಅರ್ಧದಷ್ಟು ನಿಮ್ಮದೂ ಹೌದು. ಮೂರು ವಿಷಯ ಸಾಕು: ಆರ್‌ಎಸ್1799853ರ ಸಾಲು, ಆರ್‌ಎಸ್1057910ರ ಸಾಲು, ಫೈಲಿನ ತಲೆಯಲ್ಲಿ ಬರೆದಿರುವ ಬಿಲ್ಡ್, ಅಂದರೆ ಡಿಎನ್‌ಎ ಸ್ಥಾನಗಳಿಗೆ ನಂಬರು ಹಾಕಿದ ನಕ್ಷೆಯ ಆವೃತ್ತಿ. ಮೊದಲನೆಯದು *2ರ ಗುರುತು, ಎರಡನೆಯದು *3ರ ಗುರುತು. ನಿಮ್ಮ ಪ್ರೋಗ್ರಾಂ ಹುಡುಕುವುದು ಗುರುತಿನ ಸಂಖ್ಯೆಯಿಂದಲೋ, ಸ್ಥಾನದಿಂದಲೋ ಅದನ್ನೂ ತಿಳಿಸಿ.

ನೀರ್ಚಾಲು_ಪೈಥಾನ್:
ತಲೆಯಲ್ಲಿ ಬಿಲ್ಡ್ 37 ಎಂದಿದೆ, ಮಾಷ್ಟ್ರೇ.

ಆರ್‌ಎಸ್1799853 | 10 | 96702047 | ಸಿಸಿ
ಆರ್‌ಎಸ್1057910 | 10 | 96741053 | --

ಪ್ರೋಗ್ರಾಂ ಸ್ಥಾನದಿಂದ ಹುಡುಕುತ್ತದೆ: 94942290 ಮತ್ತು 94981296. ಎರಡನ್ನೂ ಒಂದು ಜಾಲತಾಣದಿಂದ ತೆಗೆದುಕೊಂಡೆ. ವ್ಯತ್ಯಾಸದ ಅಕ್ಷರ ಸಿಕ್ಕರೆ *2 ಅಥವಾ *3, ಸಿಗದಿದ್ದರೆ *1 ಎಂದು ಬರೆದಿದ್ದೇನೆ.

ಬದಿಯಡ್ಕ_ಮಾಷ್ಟ್ರು:
ಸಿಕ್ಕಿತು. ಇಬ್ಬರದ್ದೂ ತಪ್ಪು ಮಾರಾಯರೇ, ಅದೂ ಎದುರು ಬದುರು ದಿಕ್ಕಿನಲ್ಲಿ!

ಮೊದಲು ನಿಮ್ಮದು. ನೀವು ಕೊಟ್ಟ ಸ್ಥಾನಗಳು ಬಿಲ್ಡ್ 38ರವು, ಫೈಲ್ ಬಿಲ್ಡ್ 37ರದ್ದು. ಕಳೆದು ನೋಡಿ, ಎರಡಕ್ಕೂ ಸರಿಯಾಗಿ 17,59,757ರ ಅಂತರ. ನಮ್ಮಲ್ಲಿ ರೀಸರ್ವೆ ಆದಮೇಲೆ ತೋಟ ಅಲ್ಲೇ ಇದ್ದು ನಂಬರು ಬದಲಾಯಿತಲ್ಲ, ಅದೇ ಕಥೆ. ಹೊಸ ನಂಬರು ಹಿಡಿದು ಹಳೆಯ ದಾಖಲೆಯಲ್ಲಿ ಹುಡುಕಿದ್ದೀರಿ. ಏನೂ ಸಿಗಲಿಲ್ಲ. ಏನೂ ಸಿಗದಿದ್ದರೆ *1 ಎಂದು ನೀವೇ ಹೇಳಿಕೊಟ್ಟಿದ್ದರಿಂದ ಅದು *1/*1 ಎಂದಿತು. ನಾಳೆ ಖಾಲಿ ಫೈಲ್ ಕೊಟ್ಟರೂ ಅದನ್ನೇ ಹೇಳುತ್ತದೆ, ಪರೀಕ್ಷಿಸಿ ನೋಡಿ.

ಇನ್ನು ಕಂಪನಿಯದ್ದು. *3ರ ಜಾಗದಲ್ಲಿ ಸಾಮಾನ್ಯವಾಗಿ ಇರುವುದು ಎ, *3 ಇದ್ದರೆ ಸಿ. ಅಕ್ಕನ ಸಾಲಿನಲ್ಲಿ ಎ ಇಲ್ಲ, ಸಿ ಕೂಡ ಇಲ್ಲ, ಎರಡು ಗೆರೆಗಳಿವೆ. ಡಿಎನ್‌ಎ ಓದುವ ಚಿಪ್‌ಗೆ ಆ ಜಾಗವನ್ನು ಓದಲು ಆಗಲಿಲ್ಲ ಎಂದು ಅದರ ಅರ್ಥ. ಅವರ ಪ್ರೋಗ್ರಾಂ ಒಳಗೆ ಹೇಗಿದೆಯೋ ನಾವು ನೋಡಿಲ್ಲ. ಆದರೆ ಈ ಸಾಲಿನಿಂದ *3/*3 ಹುಟ್ಟಲು ನನಗೆ ತೋಚುವ ದಾರಿ ಒಂದೇ: 'ಎಎ ಅಲ್ಲದಿದ್ದರೆ, ಎಸಿ ಅಲ್ಲದಿದ್ದರೆ, ಉಳಿದದ್ದು *3/*3' ಎಂದು ಬರೆದಿರಬೇಕು. ಗೆರೆಗಳು ಆ ಉಳಿದದ್ದಕ್ಕೆ ಹೋಗಿ ಬಿದ್ದಿವೆ.

ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದವನು ನಾನು. ಗುರುತು ಹಾಕಲು ಮರೆತ ಖಾನೆಯನ್ನು ಒಬ್ಬ ಗುಮಾಸ್ತ ಗೈರುಹಾಜರಿ ಎಂದು ಓದಿದ, ಇನ್ನೊಬ್ಬ ಹಾಜರಿ ಎಂದು ಓದಿದ. ಹುಡುಗ ಅಂದು ಶಾಲೆಗೆ ಬಂದಿದ್ದನೋ ಇಲ್ಲವೋ ಇಬ್ಬರಿಗೂ ಗೊತ್ತಿಲ್ಲ.

ಈಗ ಹೇಳಬಹುದಾದದ್ದು ಇಷ್ಟೇ: *2 ಇಲ್ಲ, *3 ಓದಲಾಗಿಲ್ಲ.

ಕುಂಬಳೆ_ಸೇತುವೆ:
ಅಕ್ಕಪಕ್ಕದ ಗುರುತುಗಳಿಂದ ಊಹಿಸಬಹುದಲ್ಲವೇ? ಅದಕ್ಕೆ ತಂತ್ರಾಂಶಗಳಿವೆ.

ಬದಿಯಡ್ಕ_ಮಾಷ್ಟ್ರು:
ಸಾವಿರಾರು ಜನರ ಸಂಶೋಧನೆಗೆ ಆ ಊಹೆ ನಡೆಯುತ್ತದೆ. ಒಬ್ಬಾಕೆಯ ಔಷಧಕ್ಕೆ ಬೇಡ. ಬೇಕೇ ಬೇಕೆಂದರೆ ಆ ಒಂದು ಜಾಗವನ್ನೇ ನೋಡುವ ಪರೀಕ್ಷೆಯನ್ನು ವೈದ್ಯಕೀಯ ಪ್ರಯೋಗಾಲಯದಲ್ಲಿ ಮಾಡಿಸಬೇಕು.

ನಿರ್ವಾಹಕ:
ಎಲ್ಲರ ಗಮನಕ್ಕೆ: ಫೈಲ್ ಓದುವ ಚರ್ಚೆ ಮುಂದುವರಿಯಲಿ. ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆ ಜಾರಿಯಲ್ಲಿದೆ, ಇಲ್ಲಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗಳನ್ನು ಅಳಿಸುತ್ತೇನೆ. ಅಕ್ಕನಿಗೂ ತಿಳಿಸಿ: ರಜೆಗೆ ಊರಿಗೆ ಬರುವಾಗ ಆ ಬಾಟಲಿ ತರುವಂತಿಲ್ಲ. ಗಡಿ ದಾಟಿಸುವುದು ಕೆನಡಾದ ಕಾನೂನಿನಲ್ಲೂ ಅಪರಾಧ.

ಎಣ್ಮಕಜೆ_ತೋಟ:
ಒಂದು ಮಾತು ಕೇಳುತ್ತೇನೆ. *3/*3 ಎಂಬುದು ನಿಜವೇ ಆಗಿದ್ದರೂ 'ನಿಮಗೆ ಒಪ್ಪುವ ಎಣ್ಣೆ' ಎಂದು ಹೇಳಲು ಅಷ್ಟು ಸಾಕೇ?

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಚಂದ್ರಶಂಕರ ಎಂಬ ಸಂಕರ ತಳಿಯ ತೆಂಗಿನ ಸಸಿಯನ್ನು ಆರಿಸುವುದು ಎಲೆಯ ದಂಟಿನ ಬಣ್ಣ ನೋಡಿ. ತಾಯಿ ಗಿಡ್ಡ ಕಿತ್ತಳೆ ಜಾತಿ, ಆದ್ದರಿಂದ ಕಿತ್ತಳೆ ಬಣ್ಣದ ಸಸಿ ಬಂದರೆ ಸಂಕರವಾಗಿಲ್ಲ, ಕಂದು ಬಂದರೆ ಸಂಕರ. ಬಣ್ಣ ಹೇಳುವುದು ಅಷ್ಟು. ವರ್ಷಕ್ಕೆ ಎಷ್ಟು ಕಾಯಿ ಎಂಬುದು ನನ್ನ ಗುಡ್ಡದ ಮಣ್ಣು, ನೀರು, ಕೆಂಪು ಮೂತಿ ಹುಳ ಎಲ್ಲವೂ ಸೇರಿ ತೀರ್ಮಾನ ಮಾಡುವ ವಿಷಯ.

ಬದಿಯಡ್ಕ_ಮಾಷ್ಟ್ರು:
ಒಳ್ಳೆಯ ಪ್ರಶ್ನೆ. ಸಿವೈಪಿ2ಸಿ9 ಮಟ್ಟಿಗೆ ಸ್ವಲ್ಪ ಗಟ್ಟಿ ನೆಲವಿದೆ. ಯಕೃತ್ತಿನಲ್ಲಿ ಟಿಎಚ್‌ಸಿಯನ್ನು ಒಡೆಯುವ ಮುಖ್ಯ ಕಿಣ್ವ ಅದೇ. *3/*3 ಇದ್ದವರು ಟಿಎಚ್‌ಸಿಯನ್ನು ನುಂಗಿದಾಗ ರಕ್ತದಲ್ಲಿ ಅದರ ಒಟ್ಟು ಪ್ರಮಾಣ ಸುಮಾರು ಮೂರು ಪಟ್ಟು ಇತ್ತೆಂದು ಜರ್ಮನಿಯಲ್ಲಿ ನಡೆದ 2009ರ ಅಧ್ಯಯನ ತೋರಿಸಿದೆ. ಆದರೆ ಅದು ಎಷ್ಟು ಹೊತ್ತು ಉಳಿಯುತ್ತದೆ ಎಂಬ ಮಾತು. ಯಾವ ಎಣ್ಣೆಗೆ ಒಳ್ಳೆಯ ನಿದ್ದೆ ಬರುತ್ತದೆ ಎಂಬ ಮಾತಲ್ಲ.

ಗಿಡದ ಕಡೆಯ ಜೀನ್ ಕಥೆ ಇನ್ನೂ ಸಡಿಲ. ಗಾಂಜಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ, ಪರಾಗ ಗಾಳಿಯಲ್ಲಿ ಹಾರುತ್ತದೆ. ಬೀಜದಿಂದ ಎದ್ದದ್ದು ತಾಯಿಯಂತೆಯೇ ಇರಬೇಕೆಂದಿಲ್ಲ. ಕೆನಡಾದ ಸಂಶೋಧಕರು 2015ರಲ್ಲಿ 81 ಗಾಂಜಾ ಮಾದರಿಗಳನ್ನೂ ನಾರು, ಬೀಜಕ್ಕೆ ಬೆಳೆಯುವ 43 ಹೆಂಪ್ ಮಾದರಿಗಳನ್ನೂ ಹೋಲಿಸಿ, ತಳಿಯ ಹೆಸರು ಅನೇಕ ಸಲ ಜೀನ್‌ಗೆ ತಾಳೆಯಾಗುವುದಿಲ್ಲ ಎಂದು ಕಂಡರು. ಆದ್ದರಿಂದ ಚೀಟಿಯಲ್ಲಿ ತಳಿಯ ಹೆಸರಿಗಿಂತ ಮಿಲಿಗ್ರಾಂ ಲೆಕ್ಕ ನೋಡುವುದು ಮೇಲು.

ಮಂಜೇಶ್ವರ_ಔಷಧಿ:
ನಾನು ಫಾರ್ಮಸಿಸ್ಟ್. ಇಷ್ಟು ಹೊತ್ತು ಎಲ್ಲರೂ ಟಿಎಚ್‌ಸಿಯ ಹಿಂದೆ ಓಡಿದ್ದೀರಿ, ಆಕೆ ತಂದಿಟ್ಟದ್ದು ಸಿಬಿಡಿ ಎಣ್ಣೆ. ನಿಮ್ಮ ಅಕ್ಕ ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಾರೆಯೇ?

ನೀರ್ಚಾಲು_ಪೈಥಾನ್:
ಹೌದು ಮೇಡಂ. ಹದಿನಾರನೆಯ ವಯಸ್ಸಿನಿಂದ ಮೂರ್ಛೆರೋಗವಿದೆ. ಈಗ ಕ್ಲೋಬಜಾಮ್ ಮಾತ್ರೆ. ಕಂಪನಿಯ ಅರ್ಜಿಯಲ್ಲಿ ಔಷಧದ ಬಗ್ಗೆ ಪ್ರಶ್ನೆಯೇ ಇರಲಿಲ್ಲವಂತೆ.

ಮಂಜೇಶ್ವರ_ಔಷಧಿ:
ಹಾಗಾದರೆ ಮುಚ್ಚಳ ತೆಗೆಯುವುದು ಬೇಡ ಎಂದು ಈಗಲೇ ಸಂದೇಶ ಕಳುಹಿಸಿ. ಕ್ಲೋಬಜಾಮ್ ನಿಲ್ಲಿಸುವುದೂ ಬೇಡ, ತಾನಾಗಿ ನಿಲ್ಲಿಸಿದರೆ ಮೂರ್ಛೆ ಮರುಕಳಿಸಬಹುದು. ಆಮೇಲೆ ಇನ್ನೆರಡು ಸಾಲು ಹಾಕಿ: ಆರ್‌ಎಸ್4244285 ಮತ್ತು ಆರ್‌ಎಸ್12248560.

ನೀರ್ಚಾಲು_ಪೈಥಾನ್:
ಕಳುಹಿಸಿದೆ. ಅಲ್ಲಿ ಬೆಳಗಿನ ಜಾವ, ಆದರೂ ನೋಡಿದ್ದಾಳೆ.

ಆರ್‌ಎಸ್4244285 | 10 | 96541616 | ಎಜಿ
ಆರ್‌ಎಸ್12248560 | 10 | 96521657 | ಸಿಸಿ

ಮಂಜೇಶ್ವರ_ಔಷಧಿ:
ಇದು ಪಕ್ಕದ ಜೀನ್, ಸಿವೈಪಿ2ಸಿ19. ಮೊದಲ ಸಾಲಿನಲ್ಲಿ ಜಿ ಸಾಮಾನ್ಯ, ಎ ಇದ್ದರೆ *2, ಆ ಪ್ರತಿಯಿಂದ ಕೆಲಸ ಮಾಡುವ ಕಿಣ್ವ ಬರುವುದಿಲ್ಲ. ಎರಡನೆಯ ಸಾಲು ವೇಗ ಹೆಚ್ಚಿಸುವ *17ರದ್ದು, ಅದು ಇಲ್ಲ. ನೋಡಿದ ಜಾಗಗಳ ಮಟ್ಟಿಗೆ *1/*2, ಅಂದರೆ ಕಿಣ್ವದ ಕೆಲಸ ಕಡಿಮೆ. ಇದರಲ್ಲಿ ಅಪರೂಪದ್ದೇನೂ ಇಲ್ಲ, ದಕ್ಷಿಣ ಭಾರತದವರಲ್ಲಿ *2 ತುಂಬ ಸಾಮಾನ್ಯ.

ಇದಕ್ಕೂ ಆ ಎಣ್ಣೆಗೂ ಏನು ಸಂಬಂಧ? ಕ್ಲೋಬಜಾಮ್ ದೇಹದೊಳಗೆ ನಾರ್‌ಕ್ಲೋಬಜಾಮ್ ಆಗುತ್ತದೆ. ಅದಕ್ಕೂ ಔಷಧದ ಗುಣವಿದೆ, ಮಂಪರು ತರಿಸುವ ಗುಣವೂ ಇದೆ. ಅದನ್ನು ಹೊರಹಾಕುವ ಮುಖ್ಯ ಕಿಣ್ವ ಸಿವೈಪಿ2ಸಿ19. ಸಿಬಿಡಿ ಅದೇ ಕಿಣ್ವದ ಕೈ ಕಟ್ಟುತ್ತದೆ. ಎಪಿಡಿಯೋಲೆಕ್ಸ್ ಎಂಬ ಸಿಬಿಡಿ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆಂದೇ ಒಪ್ಪಿಗೆ ಸಿಕ್ಕಿತು. ಅದನ್ನು ಕ್ಲೋಬಜಾಮ್ ಜೊತೆ ಕೊಟ್ಟಾಗ ನಾರ್‌ಕ್ಲೋಬಜಾಮ್ ಸುಮಾರು ಮೂರು ಪಟ್ಟು ಏರುತ್ತದೆ ಎಂದು ಔಷಧದ ಮಾಹಿತಿ ಪತ್ರದಲ್ಲೇ ಇದೆ. ಅಂಗಡಿ ಎಣ್ಣೆಯ ಪ್ರಮಾಣ ಅದಕ್ಕಿಂತ ಕಡಿಮೆ ಇರಬಹುದು. ಆದರೆ ನಿಮ್ಮ ಅಕ್ಕನ ಕಿಣ್ವ ಮೊದಲೇ ಅರ್ಧ ಬಲದ್ದು. ಎಣ್ಣೆ ಕುಡಿದು ಗಾಢ ನಿದ್ದೆ ಬಂದಿದ್ದರೆ 'ಜೀನ್‌ಗೆ ಸರಿಯಾಗಿ ಒಪ್ಪಿತು' ಎಂದು ಆಕೆ ಖುಷಿಪಡುತ್ತಿದ್ದರು. ನಿಜದಲ್ಲಿ ಅದು ಹಳೆಯ ಮಾತ್ರೆಯೇ ರಕ್ತದಲ್ಲಿ ಏರಿದ್ದರಿಂದ ಬಂದ ಮಂಪರು ಆಗಿರಬಹುದಿತ್ತು.

ಅಲ್ಲಿನ ನರರೋಗ ವೈದ್ಯರಿಗೆ ಈ ಎರಡು ಸಾಲನ್ನೂ ಬಾಟಲಿಯ ಚೀಟಿಯನ್ನೂ ತೋರಿಸಲಿ. ನಾರ್‌ಕ್ಲೋಬಜಾಮ್ ಮಟ್ಟವನ್ನು ರಕ್ತದಲ್ಲಿ ಅಳೆಯಬಹುದು. ನಿದ್ದೆ ಏಕೆ ಬರುತ್ತಿಲ್ಲ ಎಂಬ ಪ್ರಶ್ನೆಯನ್ನೂ ಅವರ ಮುಂದೆಯೇ ಇಡಲಿ.

ಎಣ್ಮಕಜೆ_ತೋಟ:
ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಇವರು ಕಟ್ಟಿದ್ದಲ್ಲದೆ ಹಾಲಿನ ಬಿಲ್ಲನ್ನೂ ಕಳುಹಿಸಿದ್ದಾರೆ.

ನೀರ್ಚಾಲು_ಪೈಥಾನ್:
ಹತ್ತು ದಿನದ ನಂತರ ಬರೆಯುತ್ತಿದ್ದೇನೆ. ಅಕ್ಕ ವೈದ್ಯರನ್ನು ಕಂಡಳು, ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ. ಎಣ್ಣೆ ಸದ್ಯಕ್ಕೆ ಬೇಡ ಎಂದರಂತೆ. ಸಿವೈಪಿ2ಸಿ9 ಪರೀಕ್ಷೆ ಈಗ ಅಗತ್ಯವಿಲ್ಲವಂತೆ, ಟಿಎಚ್‌ಸಿ ತೆಗೆದುಕೊಳ್ಳುವ ಯೋಚನೆಯೇ ಇಲ್ಲವಲ್ಲ. ಕಂಪನಿಗೆ ಎರಡು ಗೆರೆಗಳ ವಿಷಯ ಬರೆದಿದ್ದಳು. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಎಂಬ ತಯಾರಿ ಉತ್ತರ ಬಂದಿದೆ.

ಪ್ರೋಗ್ರಾಂ ತಿದ್ದಿದ್ದೇನೆ. ಈಗ ಗುರುತಿನ ಸಂಖ್ಯೆಯಿಂದ ಹುಡುಕುತ್ತದೆ. ಬಿಲ್ಡ್ ಯಾವುದೆಂದು ಮೊದಲು ಓದಿ ಹೇಳುತ್ತದೆ. ಉತ್ತರ ಎರಡಲ್ಲ, ಮೂರು: ಇದೆ, ಇಲ್ಲ, ಓದಲಾಗಿಲ್ಲ. ಮಾಷ್ಟ್ರು ಹೇಳಿದಂತೆ ಖಾಲಿ ಫೈಲ್ ಕೊಟ್ಟು ನೋಡಿದೆ. ನಾಲ್ಕು ಸಾಲಿನಲ್ಲೂ 'ಓದಲಾಗಿಲ್ಲ' ಎಂದು ಬಂತು.