ನಾಲ್ಕನೇ ಕ್ಲಾಸಿಗೆ ಮುಂಚೆ ಊರಿಗೋ, ಆಮೇಲೋ?

ಎಲ್ಲರಿಗೂ ನಮಸ್ಕಾರ. "ಮಗಳು ಮೂರನೇ ಕ್ಲಾಸು. ಇನ್ನೆರಡು ವರ್ಷ ಇದ್ದು ಬೆಂಗಳೂರಿಗೆ ಹೋಗೋಣ ಅಂತಿದ್ದೇವೆ. ಇಲ್ಲಿಯ ಶಾಲೆಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ?" ಎಂದು ಮೊನ್ನೆ ಜರ್ಮನಿಯ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು. (ಇಲ್ಲಿ ನಾಲ್ಕನೇ ಕ್ಲಾಸಿನಲ್ಲೇ ಮಗು ಮುಂದೆ ಯಾವ ಬಗೆಯ ಶಾಲೆಗೆ ಎಂಬುದು ತೀರ್ಮಾನವಾಗುತ್ತದೆ.) ಅರ್ಧ ಜನ ಹೋಗಿಬಿಡಿ ಅಂದರು, ಇನ್ನರ್ಧ ಅಯ್ಯೋ ಬೇಡ ಅಂದರು. ನಾನು ಸ್ವಲ್ಪ ಸುತ್ತಿ ಬಳಸಿ ಉತ್ತರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಏಕೆಂದರೆ ಜರ್ಮನಿಯಲ್ಲಿ ಕೂತು "ಇನ್ನೆರಡು ವರ್ಷ" ಅಂದವರಲ್ಲಿ ನಾವು ಮೊದಲಿನವರಲ್ಲ. ಹಾಗೆ ಹೇಳುತ್ತಲೇ ಇಲ್ಲಿ ಮುದುಕರಾದವರು ಬೇಕಾದಷ್ಟು ಜನ ಇದ್ದಾರೆ.

ಮ್ಯೂನಿಕ್ ಮುಖ್ಯ ಸ್ಟೇಷನ್ನಿನ 11ನೇ ಪ್ಲಾಟ್‌ಫಾರ್ಮ್ ಕೆಳಗೆ ಯುದ್ಧಕಾಲದ ಒಂದು ಬಂಕರ್ ಇದೆ. ಅರವತ್ತರ ದಶಕದಲ್ಲಿ ಇಸ್ತಾಂಬುಲ್, ಅಥೆನ್ಸ್ ಕಡೆಯಿಂದ ರೈಲಿನಲ್ಲಿ ಬಂದ ಕೆಲಸಗಾರರನ್ನು ಮೊದಲು ಅಲ್ಲಿಗೇ ಇಳಿಸುತ್ತಿದ್ದರು. ಊಟ ಕೊಟ್ಟು, ಯಾರು ಯಾವ ಕಾರ್ಖಾನೆಗೆ ಎಂದು ವಿಂಗಡಿಸಿ, ಮುಂದಿನ ರೈಲು ಹತ್ತಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಜೋರಾಗಿ ಓಡುತ್ತಿದ್ದವು, ಕೈಗಳು ಸಾಲುತ್ತಿರಲಿಲ್ಲ. 1955ರಲ್ಲಿ ಕೆಲಸಗಾರರನ್ನು ಕರೆಸಲು ಇಟಲಿ ಜೊತೆ ಒಪ್ಪಂದ ಆಯಿತು, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ. ಇಸ್ತಾಂಬುಲ್‌ನಲ್ಲಿ ಜರ್ಮನ್ ಕಚೇರಿಯ ಡಾಕ್ಟರುಗಳು ಗಂಡಸರನ್ನು ಚಡ್ಡಿಯಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು, ಎದೆ, ಮೂತ್ರ ಎಲ್ಲ ಪರೀಕ್ಷೆ ಮಾಡುತ್ತಿದ್ದರು. ಆರೋಗ್ಯ ಸರಿಯಿಲ್ಲದವರಿಗೆ ಕೆಲಸ ಇಲ್ಲ. ಇವರಿಗೆ ಇಟ್ಟ ಹೆಸರು ಗಾಸ್ಟ್‌ಆರ್ಬೈಟರ್, ಅಂದರೆ ಅತಿಥಿ ಕೆಲಸಗಾರರು. ಅತಿಥಿಗಳನ್ನು ಹಾಸ್ಟೆಲಿನ ಬಂಕ್ ಮಂಚದಲ್ಲಿ ಮಲಗಿಸಿ ಶಿಫ್ಟಿಗೆ ಎಬ್ಬಿಸುವ ಪದ್ಧತಿ ನಮ್ಮಲ್ಲಂತೂ ಇಲ್ಲ.

ಟರ್ಕಿಯವರ ವಿಷಯದಲ್ಲಿ ಸರ್ಕಾರದ ಲೆಕ್ಕ ಇಷ್ಟೇ: ಎರಡು ವರ್ಷ ದುಡಿಸಿ, ವಾಪಸ್ ಕಳಿಸಿ, ಹೊಸಬರನ್ನು ತರಿಸುವುದು. ಇದಕ್ಕೆ ಅಡ್ಡ ಬಂದವರು ಯಾರು ಗೊತ್ತಾ? ಕಾರ್ಖಾನೆಯ ಮಾಲೀಕರೇ. ಕೆಲಸ ಕಲಿತವನನ್ನು ಕಳಿಸಿ ಮತ್ತೊಬ್ಬನಿಗೆ ಮೊದಲಿನಿಂದ ಕಲಿಸುವುದು ಅವರಿಗೆ ನಷ್ಟ. 1964ರಲ್ಲಿ ಆ ಎರಡು ವರ್ಷದ ಮಿತಿ ಹೋಯಿತು. ಅದರಲ್ಲಿ ಕರುಣೆ ಏನೂ ಇರಲಿಲ್ಲ, ಲಾಭದ ಲೆಕ್ಕ ಇತ್ತು. ಆದರೆ ಜನ ಬೇರು ಬಿಡಲು ಅಷ್ಟು ಸಾಕಾಯಿತು.

ರಜೆಯ ಜಗಳವೂ ನಮ್ಮದೊಂದೇ ಅಲ್ಲ. 1973ರ ಆಗಸ್ಟಿನಲ್ಲಿ ಕಲೋನ್‌ನ ಫೋರ್ಡ್ ಕಾರ್ಖಾನೆ ಸುಮಾರು 300 ಟರ್ಕಿ ಕೆಲಸಗಾರರನ್ನು ತೆಗೆದುಹಾಕಿತು. ತಪ್ಪೇನು? ಬೇಸಿಗೆ ರಜೆಗೆ ಊರಿಗೆ ಹೋದವರು ತಡವಾಗಿ ಬಂದರು. ಊರೆಂದರೆ ಕಾರಿನಲ್ಲಿ ಹಲವು ದಿನದ ದಾರಿ. ಅವರ ಪಾಲಿನ ಕೆಲಸವೂ ಉಳಿದವರ ತಲೆಗೆ ಬಿತ್ತು. ಸ್ಟ್ರೈಕ್ ಆಯಿತು. ಗಂಟೆಗೆ ಒಂದು ಮಾರ್ಕ್ (ಆಗಿನ ಜರ್ಮನ್ ಹಣ) ಜಾಸ್ತಿ ಕೊಡಿ, ಆರು ವಾರ ರಜೆ ಕೊಡಿ ಎಂದು ಕೇಳಿದರು. ಪೊಲೀಸರು ಬಂದು ಮುಗಿಸಿದರು. ಡಿಸೆಂಬರ್ ರಜೆಗೆ ಮ್ಯಾನೇಜರ್ ಹತ್ತಿರ ಹಲ್ಲು ಗಿಂಜುವಾಗ ನನಗೆ ಇದು ನೆನಪಾಗುತ್ತದೆ.

ಅದೇ ವರ್ಷ ತೈಲ ಬಿಕ್ಕಟ್ಟು. ನವೆಂಬರ್ 23ಕ್ಕೆ ಸರ್ಕಾರ ಹೊರಗಿನಿಂದ ಕೆಲಸಗಾರರನ್ನು ಕರೆಸುವುದನ್ನೇ ನಿಲ್ಲಿಸಿತು. ಜನ ಕಡಿಮೆ ಆಗುತ್ತಾರೆ ಅಂದುಕೊಂಡರು, ಆದದ್ದು ಉಲ್ಟಾ. ಮುಂಚೆ ಊರಿಗೆ ಹೋಗಿ, ಆಗದಿದ್ದರೆ ಮತ್ತೆ ಬರಬಹುದಿತ್ತು. ಈಗ ಹೋದರೆ ಬಾಗಿಲು ಬಂದ್. ಹಾಗಾಗಿ ಎಷ್ಟೋ ಜನ ಹೋಗಲೇ ಇಲ್ಲ, ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. 1975ರಲ್ಲಿ ಊರಲ್ಲಿ ಬಿಟ್ಟುಬಂದ ಮಕ್ಕಳಿಗೆ ಸಿಗುವ ಕಿಂಡರ್‌ಗೆಲ್ಡ್ (ಮಕ್ಕಳಿಗಾಗಿ ಸರ್ಕಾರ ಕೊಡುವ ಭತ್ಯೆ) ಕಡಿಮೆ ಮಾಡಿದರು. ಮಕ್ಕಳನ್ನು ಕರೆಸಲು ಅದೂ ಒಂದು ಕಾರಣ ಆಯಿತು. 1955ರಿಂದ 1973ರವರೆಗೆ ಬಂದವರು ಸುಮಾರು 1.4 ಕೋಟಿ, ವಾಪಸ್ ಹೋದವರು ಸುಮಾರು 1.1 ಕೋಟಿ. ಉಳಿದವರ ಮಕ್ಕಳ ವಿಷಯವೇ ನಮಗೆ ಮುಖ್ಯ.

ಆ ಮಕ್ಕಳನ್ನು ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಟರ್ಕಿ ಮಕ್ಕಳಿಗೆ ಟರ್ಕಿಷ್‌ನಲ್ಲೇ ಪಾಠ ಮಾಡುವ ಬೇರೆ ತರಗತಿಗಳಿದ್ದವು. ಹೇಗೂ ವಾಪಸ್ ಹೋಗುವವರಲ್ವಾ, ಅಲ್ಲಿಗೆ ತಯಾರಾಗಿರಲಿ ಎಂಬ ಯೋಚನೆ. ಅಪ್ಪ ಅಮ್ಮಂದಿರೂ ಹಾಗೇ ನಂಬಿದ್ದರು. ಮಕ್ಕಳು ಹೋಗಲೂ ಇಲ್ಲ, ಜರ್ಮನ್ ಸರಿಯಾಗಿ ಬರಲೂ ಇಲ್ಲ. ಬಹಳ ಮಕ್ಕಳು ಹೌಪ್ಟ್‌ಶೂಲೆಗೆ, ಅಂದರೆ ನಾಲ್ಕನೇ ಕ್ಲಾಸಿನ ನಂತರದ ಶಾಲೆಗಳಲ್ಲಿ ಕೆಳಹಂತದ್ದಕ್ಕೆ, ಬಿದ್ದರು. ಅಲ್ಲಿಂದ ಹೊರಬರುವ ಹೊತ್ತಿಗೆ ಅಪ್ಪನಿಗೆ ಕೆಲಸ ಕೊಟ್ಟಿದ್ದ ಗಣಿ, ಕಾರ್ಖಾನೆಗಳೇ ಮುಚ್ಚುತ್ತಿದ್ದವು.

ನಮ್ಮ ಪಕ್ಕದ ಮನೆಯ ಅಜ್ಜ ಹಾಗೆ ಬಂದು ಉಳಿದವರಲ್ಲೊಬ್ಬರು, ಕಾರು ಕಾರ್ಖಾನೆಯ ಪೇಂಟ್ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ಅವರ ನಡುಮನೆಯ ಶೋಕೇಸಿನಲ್ಲಿ ಊರಿನ ಮೂರು ಅಂತಸ್ತಿನ ಮನೆಯ ಫೋಟೋ ಇದೆ, ಮಗುವಿಗೊಂದು ಮಹಡಿ. ಅದರಲ್ಲಿ ಇರುವವರು ಯಾರೂ ಇಲ್ಲ, ಬೇಸಿಗೆಯಲ್ಲಿ ಹೋಗಿ ಧೂಳು ಹೊಡೆದು ಬರುತ್ತಾರೆ. (ಬೆಂಗಳೂರಿನಲ್ಲಿ ಬೀಗ ಹಾಕಿದ ಫ್ಲಾಟ್ ಇರುವವರು ಇಲ್ಲಿ ಎಷ್ಟು ಜನ? ನಾನೂ ಕೈ ಎತ್ತುತ್ತೇನೆ.) ದೊಡ್ಡ ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟಿದ್ದರು, ಒಂಬತ್ತು ವರ್ಷಕ್ಕೆ ಕರೆಸಿದರು. ಟೀಚರ್ ಪ್ರತಿ ವರ್ಷ "ನೀವು ಯಾವಾಗ ಹೋಗುತ್ತೀರಿ?" ಅಂತ ಕೇಳುತ್ತಿದ್ದರಂತೆ. ಮನೆಯಲ್ಲಿ ಅಪ್ಪ ಬರುವ ವರ್ಷ ಅನ್ನುತ್ತಿದ್ದರು, ಈಕೆ ಅದನ್ನೇ ಟೀಚರ್‌ಗೆ ಹೇಳುತ್ತಿದ್ದಳು. ಓದು ಅಲ್ಲಿಗೆ ನಿಂತಿತು. ಆಕೆಗೆ ತಂದೆಯ ಮೇಲೆ ಸಿಟ್ಟಿಲ್ಲ, ಆದರೆ ಆ "ಬರುವ ವರ್ಷ" ಮೇಲೆ ಈಗಲೂ ಇದೆ.

ವಾಪಸ್ ಹೋದವರದ್ದೂ ಸುಲಭ ಇರಲಿಲ್ಲ. 1983ರಲ್ಲಿ ಕೆಲಸ ಕಳೆದುಕೊಂಡವರಿಗೆ ಊರಿಗೆ ಹೋಗಲು 10,500 ಮಾರ್ಕ್, ಮಗುವಿಗೆ 1,500 ಮಾರ್ಕ್ ಕೊಡುವ ಕಾನೂನು ಬಂತು. ಹೋದ ಮಕ್ಕಳನ್ನು ಟರ್ಕಿಯ ಶಾಲೆಯಲ್ಲಿ "ಅಲ್ಮಾಂಜಿ" ಎಂದು ಕರೆದರು, ಜರ್ಮನಿಯವರು ಅಂತ. ಅಲ್ಲೂ ಹೊರಗಿನವರೇ.

ನಮ್ಮ ಸ್ಥಿತಿ ಬೇರೆ, ಒಪ್ಪುತ್ತೇನೆ. 2000ದಲ್ಲಿ ಐಟಿಯವರಿಗೆ ಗ್ರೀನ್ ಕಾರ್ಡ್ ಕೊಟ್ಟಾಗ ಅದಕ್ಕೂ ಐದು ವರ್ಷದ ಮಿತಿ ಇತ್ತು. ಒಬ್ಬ ರಾಜಕಾರಣಿ "ಇಂಡಿಯನ್ನರ ಬದಲು ನಮ್ಮ ಮಕ್ಕಳು" ಎಂಬ ಮಾತಿನ ಮೇಲೆ ಚುನಾವಣೆಗೆ ಹೋಗಿ ಸೋತರು. ಈಗ ದೇಶಕ್ಕೆ ವಯಸ್ಸಾಗಿದೆ, ಧಾಟಿ ಬದಲಾಗಿದೆ. 2012ರಲ್ಲಿ ಬಂದ ಬ್ಲೂ ಕಾರ್ಡಿನಲ್ಲಿ (ಓದಿದ, ಒಳ್ಳೆ ಸಂಬಳದ ಕೆಲಸಗಾರರ ಪರ್ಮಿಟ್) ಗಂಡ ಅಥವಾ ಹೆಂಡತಿಯೂ ಕೆಲಸ ಮಾಡಬಹುದು. ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೆ ಪರ್ಮನೆಂಟ್ ಪರ್ಮಿಟ್. ಹಲ್ಲು ನೋಡುವುದಿಲ್ಲ, ಸಂಬಳ ನೋಡುತ್ತಾರೆ. ಆದರೆ "ಇನ್ನೆರಡು ವರ್ಷ" ಎಂಬ ಮಾತು ಮಾತ್ರ ಹಾಗೇ ಇದೆ.

ಗಲ್ಫಿನಲ್ಲಿರುವ ನಮ್ಮ ಉಡುಪಿ, ಭಟ್ಕಳದವರಿಗೆ ಈ ಗೊಂದಲ ಕಡಿಮೆ. ವೀಸಾ ಕೆಲಸಕ್ಕೆ ಕಟ್ಟಿದ್ದು, ಪೌರತ್ವದ ಆಸೆಯೇ ಇಲ್ಲ. ಮಕ್ಕಳನ್ನು ಸಿಬಿಎಸ್‌ಇ ಶಾಲೆಗೆ ಹಾಕುತ್ತಾರೆ, ಊರಿನ ಕಾಲೇಜಿಗೆ ತಯಾರು ಮಾಡುತ್ತಾರೆ. ಇನ್ನು ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಗುಳೆ ಬಂದು ನಮ್ಮ ಆ ಬೀಗ ಹಾಕಿದ ಫ್ಲಾಟ್ ಕಟ್ಟಿದವರ ಮಕ್ಕಳು? ಅವರಿಗೆ ಸಿಕ್ಕರೆ ಟೆಂಟ್ ಶಾಲೆ. ಮೇಸ್ತ್ರಿ ಆಳು ಎಷ್ಟು ಎಂದು ಎಣಿಸುತ್ತಾನೆ, ಜೊತೆಗೆ ಬಂದ ಮಕ್ಕಳನ್ನಲ್ಲ.

ಈಗ ಪ್ರಶ್ನೆ ಕೇಳಿದವರಿಗೆ. ನಾಲ್ಕನೇ ಕ್ಲಾಸಿನ ಮೇ ತಿಂಗಳಲ್ಲಿ ನಿಮ್ಮ ಮಗಳಿಗೆ ಮುಂದಿನ ಶಾಲೆ ಯಾವುದು ಎಂಬ ಸರ್ಟಿಫಿಕೇಟ್ ಬರುತ್ತದೆ. ಬವೇರಿಯಾದಲ್ಲಿ ಗಿಮ್ನಾಸಿಯಂಗೆ (ಯೂನಿವರ್ಸಿಟಿಗೆ ತಯಾರು ಮಾಡುವ ಶಾಲೆ) ಜರ್ಮನ್, ಗಣಿತ, ಪರಿಸರ ಪಾಠ ಮೂರೂ ಸೇರಿ ಸರಾಸರಿ 2.33 ಅಥವಾ ಅದಕ್ಕಿಂತ ಕಡಿಮೆ ಇರಬೇಕು; ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯ ಗ್ರೇಡ್. ಹತ್ತು ವರ್ಷದ ಮಗುವಿಗೆ ಇದು ಜಾಸ್ತಿಯೇ, ಆದರೆ ನಿಯಮ ಹಾಗಿದೆ. ಟಿಕೆಟ್ ಬುಕ್ ಆಗಿದೆಯಾ, ಬೆಂಗಳೂರಿನಲ್ಲಿ ಕೆಲಸದ ಆಫರ್ ಲೆಟರ್ ಕೈಯಲ್ಲಿದೆಯಾ? ಹಾಗಾದರೆ ಹೋಗಿ, ಇವತ್ತಿನಿಂದಲೇ ಕನ್ನಡ ಓದಲು ಬರೆಯಲು ಕಲಿಸಿ. ಮಾತು ಬಂದರೆ ಸಾಕಾಗುವುದಿಲ್ಲ, ಕನ್ನಡ ಕಲಿಕೆಗೆ ಅಲ್ಲಿ 2015ರ ಕಾನೂನೇ ಇದೆ. ಟಿಕೆಟ್, ಆಫರ್ ಎರಡೂ ಇಲ್ಲವಾದರೆ ನೀವು ಇಲ್ಲೇ ಇರುವವರು ಅಂದುಕೊಂಡು ಶಾಲೆಯ ಕೆಲಸ ನೋಡಿ. ಮಗುವಿನ ಎದುರು "ಇನ್ನೆರಡು ವರ್ಷ" ಅನ್ನಬೇಡಿ. ಕನ್ನಡ ಮಾತ್ರ ಮನೆಯಲ್ಲಿ ಬಿಡಬೇಡಿ, ಹೋದರೂ ಇದ್ದರೂ ಅದು ಬೇಕು.

ಹೋಗುವವರಿಗೆ ಇನ್ನೊಂದು ವಿಷಯ, ಕಾಗದಪತ್ರದ್ದು. 1964ರಲ್ಲಿ ಹತ್ತು ಲಕ್ಷನೆಯ ಅತಿಥಿ ಕೆಲಸಗಾರ ಎಂದು ಕಲೋನ್ ಸ್ಟೇಷನ್ನಿನಲ್ಲಿ ಒಬ್ಬ ಪೋರ್ಚುಗೀಸ್ ಬಡಗಿಗೆ ಹೂವು, ಮೊಪೆಡ್ ಕೊಟ್ಟು ಫೋಟೋ ತೆಗೆದರು. ಕಾಯಿಲೆ ಬಿದ್ದು ಊರಿಗೆ ಹೋದ ಆತ ಉಳಿಸಿದ್ದನ್ನೆಲ್ಲ ಚಿಕಿತ್ಸೆಗೆ ಸುರಿದು 1979ರಲ್ಲಿ ತೀರಿಕೊಂಡ. ಜರ್ಮನಿಯಿಂದ ಕಾಯಿಲೆ ಭತ್ಯೆಗೆ ತನಗೆ ಹಕ್ಕಿದೆ ಎಂದು ಆತನಿಗೆ ಗೊತ್ತೇ ಇರಲಿಲ್ಲ. ನಮಗೆ ಭಾರತ–ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. 60 ತಿಂಗಳು ಪಿಂಚಣಿ ಕಂತು ಕಟ್ಟಿದ್ದರೆ ವಯಸ್ಸಾದ ಮೇಲೆ ಊರಲ್ಲಿದ್ದರೂ ಪಿಂಚಣಿ ಬರುತ್ತದೆ. ಹೊರಡುವ ಮುಂಚೆ ರೆಂಟನ್‌ಫೆರ್‌ಸಿಷೆರುಂಗ್ (ಪಿಂಚಣಿ ವಿಮೆ) ಕಚೇರಿಯಿಂದ ನಿಮ್ಮ ಕಂತುಗಳ ಪಟ್ಟಿ ತರಿಸಿ, ಸಂಬಳದ ಚೀಟಿಗಳ ಜೊತೆ ತಾಳೆ ನೋಡಿ. ಫಾರಂ ತುಂಬುವಾಗ ತೊಂದರೆ ಆದರೆ ಇಲ್ಲೇ ಕೇಳಿ, ಹೇಳುತ್ತೇನೆ.