‘ಫೇಡ್ ಆಗದ’ ಕಪ್ಪು-ಬಿಳುಪು ಪ್ರಿಂಟಿಗೆ ಏನನ್ನೋಣ?

ಕಾರವಾರದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಹಳೆಯ ಕಪ್ಪು-ಬಿಳುಪು ಫೋಟೋ ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ದೊಡ್ಡದಾಗಿ ತೆಗೆದುಕೊಡುತ್ತೇವೆ. ಫ್ರೇಮಿನ ಹಿಂದೆ ಅಂಟಿಸಲು ಕನ್ನಡದಲ್ಲೊಂದು ಚೀಟಿ ಬೇಕು. ‘ಪಿಗ್ಮೆಂಟ್ ಇಂಕು, ಬೇಗ ಫೇಡ್ ಆಗಲ್ಲ’ ಅನ್ನುವುದನ್ನು ಹೇಗೆ ಬರೆಯಲಿ?

‘ಬಣ್ಣ ಬಿಡದ’ ಅನ್ನೋಣವೆಂದರೆ ಅದು ನೀರಿನ ಮಾತು. ಹೊಸ ಸೀರೆ ನೆನೆಸಿದರೆ ಬಣ್ಣ ಬಿಡುತ್ತದೆ, ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಎರಡೂ ಬೇರೆ ಅಲ್ವಾ? ಡೈ ಇಂಕಿನಲ್ಲಿ ಬಣ್ಣ ಪೂರ್ತಿ ಕರಗಿರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದು ಅಂಚಿನಲ್ಲಿ ಹರಡುವುದೂ ಉಂಟು. ಪಿಗ್ಮೆಂಟ್‌ನದು ಕರಗದ ಸಣ್ಣ ಕಣ. ಬೆಳಕಾಗಲಿ, ಗಾಳಿಯ ಓಝೋನ್ ಆಗಲಿ ಮೊದಲು ಕಣದ ಹೊರಮೈಯನ್ನು ಕೆಡಿಸಬೇಕು, ಒಳಗಿನದು ಉಳಿದಿರುತ್ತದೆ. ಬಾಳಿಕೆ ಜಾಸ್ತಿ ಅದಕ್ಕೇ.

‘ಮಾಸದ’ ಅಂದರೆ ಕೊಳೆ ಹತ್ತದ್ದು ಅಂತಲೂ ಆಗುತ್ತದೆ. ‘ಬಿಳಿಚಿಕೊಳ್ಳದ’ ಹತ್ತಿರ ಬರುತ್ತದೆ. ಆದರೆ ಅದನ್ನು ಓದಿದರೆ ಜ್ವರ ಬಂದವರ ಮುಖ ಕಣ್ಣಿಗೆ ಬರುತ್ತದೆ!

ದೊಡ್ಡ ತೊಡಕು ಬೇರೆಯೇ ಇದೆ. ಕಪ್ಪು-ಬಿಳುಪು ಪ್ರಿಂಟು ಕೆಡುವಾಗ ಬರೀ ತೆಳುವಾಗುವುದಿಲ್ಲ. ಸಾಮಾನ್ಯ ಪ್ರಿಂಟರ್ ಬೂದುಬಣ್ಣಕ್ಕೆ ಸಯಾನ್ (ಹಸಿರು ಬೆರೆತ ತಿಳಿನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ ಇಂಕುಗಳನ್ನೂ ಕೂಡಿಸುತ್ತದೆ. ಮೂರೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಮಜೆಂಟಾ ಮೊದಲು ಸೋತರೆ ಅಜ್ಜನ ಪಂಚೆಯ ನೆರಿಗೆಯ ನೆರಳೆಲ್ಲ ಹಸಿರು. ಹಳದಿ ಸೋತರೆ ನೀಲಿ. ಬಣ್ಣದ ಫೋಟೋದಲ್ಲಿ ಇಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಹೋಗಬಹುದು, ಬೂದುಬಣ್ಣದಲ್ಲಿ ಥಟ್ಟನೆ ಕಾಣುತ್ತದೆ. 2005ರಲ್ಲಿ ಬಂದ ಎಪ್ಸನ್ ಕಂಪನಿಯ ‘ಅಲ್ಟ್ರಾಕ್ರೋಮ್ ಕೆ3’ ಎಂಬ ಪಿಗ್ಮೆಂಟ್ ಇಂಕಿನ ಸೆಟ್‌ನಲ್ಲಿ ಒಂದು ಕಪ್ಪು, ಒಂದು ತಿಳಿಗಪ್ಪು, ಅದಕ್ಕಿಂತ ತಿಳಿಯಾದದ್ದು ಇನ್ನೊಂದು, ಹೀಗೆ ಮೂರು ಕಪ್ಪು ಒಟ್ಟಿಗೇ ಇರುತ್ತವೆ. ಬೂದುಬಣ್ಣಕ್ಕೆ ಇವೇ ಮುಖ್ಯ, ಬಣ್ಣದ ಇಂಕು ಚೂರೇ ಚೂರು ಸಾಕು. ಹೀಗೆ ಹಸಿರು-ನೀಲಿಗೆ ತಿರುಗುವುದಕ್ಕೆ ನಾವು ಮಾವಿನಕಾಯಿಗೆ ಹೇಳುವ ‘ಬಣ್ಣ ತಿರುಗುವುದು’ ಸರಿ ಅನಿಸುತ್ತದೆ.

ಶಿರಸಿಯ ಗೆಳೆಯರೊಬ್ಬರು ‘ಸುಮ್ನೆ ಮಸಿ ಅನ್ನಿ’ ಎಂದರು. ಮಾತು ನಿಜವೇ. ಮಸಿ ಅಂದರೆ ದೀಪದ ಕರಿಯೂ ಹೌದು, ಬರೆಯುವ ಇಂಕೂ ಹೌದು. ಈ ಕಪ್ಪು ಪಿಗ್ಮೆಂಟ್ ಕೂಡ ಕಾರ್ಬನ್ನೇ. ಓಲೆಗರಿಯಲ್ಲಿ ಕಂಟದಿಂದ (ಮೊನಚಾದ ಲೋಹದ ಕಡ್ಡಿಯಿಂದ) ಗೀರಿದ ಅಕ್ಷರಕ್ಕೆ ತಿಕ್ಕುತ್ತಿದ್ದದ್ದೂ ಅದೇ. ಗರಿಯನ್ನು ಹುಳು ತಿಂದರೂ ಉಳಿದ ಅಕ್ಷರ ಕಪ್ಪಾಗಿಯೇ ಇರುತ್ತದೆ. ಆದರೆ ‘ಮಸಿಯ ಫೋಟೋ’ ಅಂತ ಬರೆದರೆ ಗಿರಾಕಿ ಫೋಟೋ ನಮ್ಮ ಟೇಬಲ್ ಮೇಲೇ ಬಿಟ್ಟು ಹೋಗುತ್ತಾನೆ.

‘ಶಾಶ್ವತ’ ಅಂತ ಮಾತ್ರ ಬರೆಯಲಾರೆ. ಬೆಳ್ಳಗೆ ಕಾಣಲೆಂದು ಕೆಲವು ಕಾಗದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಅದು ಸೋತರೆ ಇಂಕು ಗಟ್ಟಿಯಿದ್ದರೂ ಕಾಗದ ಹಳದಿಯಾಗಿ ಕಾಣುತ್ತದೆ.

ಸದ್ಯಕ್ಕೆ ಬರೆದಿಟ್ಟದ್ದು ಇಷ್ಟು: ‘ಪಿಗ್ಮೆಂಟ್ ಇಂಕಿನ ಪ್ರಿಂಟು. ಬೇಗ ಬಿಳಿಚಿಕೊಳ್ಳದು, ಬಣ್ಣ ತಿರುಗದು. ನೇರ ಬಿಸಿಲು ಬೀಳುವಲ್ಲಿ ತೂಗುಹಾಕಬೇಡಿ.’ ‘ಬಿಳಿಚಿಕೊಳ್ಳದು’ ಇನ್ನೂ ಒಪ್ಪಿಗೆಯಾಗಿಲ್ಲ. ಬಿಸಿಲಿಗೆ ಬಣ್ಣ ಹೋದ ಬಟ್ಟೆಗೆ ಅಂಕೋಲಾ, ಕುಮಟಾ ಕಡೆಯ ಮನೆಗಳಲ್ಲಿ ಬೇರೆ ಮಾತಿದ್ದರೆ ತಿಳಿಸಿ.