ಅಪ್‌ಡೇಟ್: ಕಗ್ಗಲಡು ಪಕ್ಷಿ ದಾಖಲೆಗಳಿಗೆ ಒಂದೇ ಮಾದರಿ

ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳ ಕುರಿತು ನಾವು ಮೂವರು ಬೇರೆ ಬೇರೆಯಾಗಿ ಬರೆದಿಟ್ಟ ಪಟ್ಟಿಗಳನ್ನು ಒಂದುಗೂಡಿಸುವುದು ಹೇಗೆಂದು ಹಿಂದೆ ಕೇಳಿದ್ದೆ. ಜೀವಿಗಳ ದಾಖಲೆಯ ಕಾಲಂಗಳಿಗೆ ಏಕರೂಪದ ಹೆಸರು, ಅರ್ಥಗಳನ್ನು ನಿಗದಿಪಡಿಸುವ ‘ಡಾರ್ವಿನ್ ಕೋರ್’ ಮಾನದಂಡ ಬಳಸುವಂತೆ ತಿಳಿಸಿದವರೆಲ್ಲರಿಗೂ ಕೃತಜ್ಞತೆಗಳು. ಕೆಲಸ ಬಹುಪಾಲು ಮುಗಿದಿದೆ.

ಜೀವವೈವಿಧ್ಯ ಮಾಹಿತಿಗೆ ಮಾನದಂಡಗಳನ್ನು ರೂಪಿಸುವ ಟಿಡಿಡಬ್ಲ್ಯೂಜಿ ಸಂಸ್ಥೆ 2009ರಲ್ಲಿ ಅಂಗೀಕರಿಸಿದ ಈ ಮಾನದಂಡವನ್ನೇ, ಜಗತ್ತಿನ ಜೀವವೈವಿಧ್ಯ ದಾಖಲೆಗಳನ್ನು ಮುಕ್ತವಾಗಿ ಹಂಚುವ ಜಿಬಿಐಎಫ್ ಜಾಲವೂ ಬಳಸುವುದರಿಂದ, ನಮ್ಮದೇ ಹೊಸ ನಮೂನೆ ರೂಪಿಸುವ ಯೋಚನೆಯನ್ನು ಕೈಬಿಟ್ಟೆವು.

ಹೆಚ್ಚು ಶ್ರಮ ಬೇಡಿದ್ದು ದಿನಾಂಕ. ಒಬ್ಬರು ದಿನವನ್ನೂ ಇನ್ನೊಬ್ಬರು ತಿಂಗಳನ್ನೂ ಮೊದಲು ಬರೆದಿದ್ದರಿಂದ 03-04 ಎಂಬುದು ಏಪ್ರಿಲ್ 3 ಆಗಿತ್ತೋ ಮಾರ್ಚ್ 4 ಆಗಿತ್ತೋ ತಿಳಿಯುತ್ತಿರಲಿಲ್ಲ. ಹಳೆಯ ಟಿಪ್ಪಣಿ ಪುಸ್ತಕಗಳನ್ನು ಮತ್ತೆ ತೆರೆದು, ಎಲ್ಲವನ್ನೂ ವರ್ಷ, ತಿಂಗಳು, ದಿನ ಎಂಬ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601ರ ಕ್ರಮಕ್ಕೆ ತಂದೆವು. ಖಚಿತವಾಗದ ಕಡೆ ವರ್ಷವನ್ನು ಮಾತ್ರ ಉಳಿಸಿದೆವು. ಹೆಸರಿನ ವಿಷಯ ಇನ್ನೂ ಸೂಕ್ಷ್ಮವಾದುದು. ನಮ್ಮ ಕಡೆ ಬೆಳ್ಳಕ್ಕಿಯನ್ನೂ ಕೊಕ್ಕರೆಯೆನ್ನುವವರಿದ್ದಾರೆ. ಆದ್ದರಿಂದ ಬರೀ ‘ಕೊಕ್ಕರೆ’ ಎಂದಿದ್ದ ಸಾಲುಗಳಿಗೆ ಮಿಕ್ಟೀರಿಯಾ ಲ್ಯೂಕೋಸೆಫಾಲಾ ಎಂಬ ಬಣ್ಣದ ಕೊಕ್ಕರೆಯ ವೈಜ್ಞಾನಿಕ ಹೆಸರನ್ನು ಹಚ್ಚದೆ, ಪಕ್ಷಿವರ್ಗವೆಂದಷ್ಟೇ ಗುರುತಿಸಿ, ಮೂಲ ಪದವನ್ನು ಪಕ್ಕದಲ್ಲಿ ಹಾಗೆಯೇ ಉಳಿಸಿದ್ದೇವೆ. ಊಹೆಯನ್ನು ದಾಖಲೆಯಾಗಿಸುವುದು ತಪ್ಪೆಂದೇ ನನ್ನ ದೃಢ ಅಭಿಪ್ರಾಯ.

ಗೂಡುಗಳ ಎಣಿಕೆಯನ್ನು ಹಕ್ಕಿಗಳ ಸಂಖ್ಯೆಯ ಕಾಲಂನಲ್ಲಿ ತುಂಬಿದ್ದ ನನ್ನ ತಪ್ಪನ್ನೂ ಸರಿಪಡಿಸಿದ್ದೇನೆ: ಎಷ್ಟು ಎಂಬ ಪರಿಮಾಣಕ್ಕೆ ಒಂದು, ಎಣಿಸಿದ್ದು ಗೂಡೋ ಹಕ್ಕಿಯೋ ಎಂಬ ವಿಧಕ್ಕೆ ಇನ್ನೊಂದು ಕಾಲಂ ಇದೆ. ಊರಿನ ಹೆಸರಷ್ಟೇ ಇದ್ದ ದಾಖಲೆಗಳಿಗೆ ಅಕ್ಷಾಂಶ, ರೇಖಾಂಶಗಳ ಜೊತೆಗೆ, ನಿಜವಾದ ಜಾಗ ಅಲ್ಲಿಂದ ಎಷ್ಟು ದೂರವಿರಬಹುದೆಂಬ ಅನಿಶ್ಚಿತತೆಯನ್ನು ಮೀಟರ್‌ಗಳಲ್ಲಿ ಸೂಚಿಸಿದ್ದೇವೆ.

ಪರವಾನಗಿಯೊಂದೇ ಬಾಕಿ. ಮೂಲದವರ ಹೆಸರು ಉಲ್ಲೇಖಿಸಿ ಯಾರು ಬೇಕಾದರೂ ಬಳಸಬಹುದಾದ ಸಿಸಿ ಬೈ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಹಂಚಿಕೊಳ್ಳಲು ಇಬ್ಬರು ಒಪ್ಪಿದ್ದೇವೆ. ಮೂರನೆಯವರಾದ ಹಿರಿಯರು ಯೋಚಿಸಲು ಸಮಯ ಕೇಳಿದ್ದಾರೆ.